ಹುಣಸೂರಿನಿಂದ ಮೇಲ್ಮನೆಗೆ: ಎಚ್. ವಿಶ್ವನಾಥ್ ಅನರ್ಹತೆಯ ಪ್ರಕರಣ

2021ರ ಜನವರಿ 13ರಂದು ರಾಜಭವನದಲ್ಲಿ ಕರ್ನಾಟಕದ ಬಿಜೆಪಿ ಸರ್ಕಾರದ ಏಳು ಮಂದಿ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿದರು. ಅವರಲ್ಲಿ ಮೂವರ ಹೆಸರು ಈ ಪ್ರಕರಣಕ್ಕೆ ಮುಖ್ಯ: ಎಂ.ಟಿ.ಬಿ. ನಾಗರಾಜ್, ಆರ್. ಶಂಕರ್, ಸಿ.ಪಿ. ಯೋಗೇಶ್ವರ್. ಮೂವರೂ ವಿಧಾನ ಪರಿಷತ್ತಿನ ಸದಸ್ಯರು. ನಾಗರಾಜ್ ಮತ್ತು ಶಂಕರ್ ಪಕ್ಷಾಂತರದ ಕಾರಣಕ್ಕೆ 2019ರಲ್ಲಿ ಸ್ಪೀಕರ್ ಆದೇಶದಿಂದ ಶಾಸಕ ಸ್ಥಾನ ಕಳೆದುಕೊಂಡಿದ್ದವರು. ಯೋಗೇಶ್ವರ್ 2020ರಲ್ಲಿ ರಾಜ್ಯಪಾಲರ ನಾಮನಿರ್ದೇಶನದಿಂದ ಮೇಲ್ಮನೆಗೆ ಬಂದವರು.

ಆ ದಿನ ವೇದಿಕೆಯ ಮೇಲೆ ಇರಬೇಕಿತ್ತು ಎಂದು ಹಲವರು ಎಣಿಸಿದ್ದ ಅಡಗೂರು ಎಚ್. ವಿಶ್ವನಾಥ್ ಅಲ್ಲಿರಲಿಲ್ಲ. ಅವರೂ ಪರಿಷತ್ ಸದಸ್ಯರೇ. ನಾಗರಾಜ್, ಶಂಕರ್ ಅವರಂತೆ ಅನರ್ಹಗೊಂಡವರು. ಯೋಗೇಶ್ವರ್ ಜೊತೆಗೇ ನಾಮನಿರ್ದೇಶನಗೊಂಡವರು. ಅನರ್ಹರಾದವರು ಮಂತ್ರಿಯಾದರು, ನಾಮನಿರ್ದೇಶಿತರೂ ಮಂತ್ರಿಯಾದರು. ಎರಡೂ ಆಗಿದ್ದವರು ಮಾತ್ರ ಆಗಲಿಲ್ಲ. ಇದು ಯಾರದೋ ಮುನಿಸಿನ ಫಲವಲ್ಲ. ಸಂವಿಧಾನದ ಒಂದು ಉಪವಿಧಿಯಲ್ಲಿರುವ ಒಂದು ಪದದ ಫಲ. ಆ ಪದ ಎಲ್ಲಿಂದ ಬಂತು, ಅದು ಮಾಡಬೇಕಾದ ಕೆಲಸ ಮಾಡಿತೇ ಎಂಬುದನ್ನು ಈ ಒಬ್ಬ ಶಾಸಕರ ಎರಡು ವರ್ಷಗಳ ದಾರಿ ಹಿಡಿದು ನೋಡಬಹುದು.

ವಿಶ್ವನಾಥ್ ರಾಜಕೀಯಕ್ಕೆ ಹೊಸಬರಲ್ಲ. ಕೆ.ಆರ್. ನಗರ ತಾಲ್ಲೂಕಿನವರು, ವಕೀಲರು, ರಾಜಕೀಯ ವಲಯದಲ್ಲಿ 'ಹಳ್ಳಿ ಹಕ್ಕಿ' ಎಂದೇ ಕರೆಸಿಕೊಂಡವರು. 1978ರಲ್ಲಿ ಕೆ.ಆರ್. ನಗರದಿಂದ ಮೊದಲ ಸಲ ವಿಧಾನಸಭೆಗೆ ಬಂದರು. 1989ರಲ್ಲೂ 1999ರಲ್ಲೂ ಅಲ್ಲಿಂದಲೇ ಗೆದ್ದರು. ವೀರಪ್ಪ ಮೊಯಿಲಿ ಮತ್ತು ಎಸ್.ಎಂ. ಕೃಷ್ಣ ಸಂಪುಟಗಳಲ್ಲಿ ಸಚಿವರಾಗಿದ್ದರು. ಕೃಷ್ಣ ಅವರ ಕಾಲದಲ್ಲಿ ಶಿಕ್ಷಣ ಖಾತೆ ಅವರ ಕೈಯಲ್ಲಿತ್ತು. ಶಾಲಾ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಕೊಡುವ ಅಕ್ಷರ ದಾಸೋಹ ಶುರುವಾದದ್ದು ಆ ಅವಧಿಯಲ್ಲೇ. 2009ರಲ್ಲಿ ಮೈಸೂರಿನಿಂದ ಲೋಕಸಭೆಗೆ ಹೋದರು, 2014ರಲ್ಲಿ ಸೋತರು. ದಶಕಗಳ ಕಾಂಗ್ರೆಸ್ ನಂಟು 2017ರಲ್ಲಿ ಕಡಿದುಹೋಯಿತು, ಜೆಡಿಎಸ್ ಸೇರಿದರು. 2018ರ ಮೇ ತಿಂಗಳ ಚುನಾವಣೆಯಲ್ಲಿ ದೇವರಾಜ ಅರಸು ಅವರ ಕ್ಷೇತ್ರವಾಗಿದ್ದ ಹುಣಸೂರಿನಲ್ಲಿ ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ ಅವರನ್ನು ಸೋಲಿಸಿ ಮತ್ತೆ ವಿಧಾನಸೌಧದ ಮೆಟ್ಟಿಲು ಹತ್ತಿದರು.

ಇಷ್ಟು ಹಿರಿತನವಿದ್ದವರಿಗೆ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದಲ್ಲಿ ಮಂತ್ರಿಗಿರಿ ಸಿಗಲಿಲ್ಲ. ಜೆಡಿಎಸ್ ರಾಜ್ಯಾಧ್ಯಕ್ಷ ಸ್ಥಾನ ಸಿಕ್ಕಿತು. 2019ರ ಲೋಕಸಭಾ ಚುನಾವಣೆಯಲ್ಲಿ ಮೈತ್ರಿಕೂಟ ನೆಲಕಚ್ಚಿದ ಮೇಲೆ ಅದನ್ನೂ ಬಿಟ್ಟರು. ಬೇಸರಕ್ಕೆ ಕಾರಣಗಳಿರಲಿಲ್ಲ ಎಂದು ನಾನು ಹೇಳಲಾರೆ. ಪಕ್ಷದ ಅಧ್ಯಕ್ಷರಾಗಿದ್ದವರ ಮಾತಿಗೇ ಸರ್ಕಾರದಲ್ಲಿ ಬೆಲೆ ಇಲ್ಲವೆನ್ನಿಸಿದರೆ ಯಾರಿಗಾದರೂ ನೋವಾಗುತ್ತದೆ. ಆದರೆ ನೋವು ಒಂದು, ಅದಕ್ಕೆ ಹಿಡಿದ ದಾರಿ ಇನ್ನೊಂದು.

2019ರ ಜುಲೈ 6ರಂದು ಕಾಂಗ್ರೆಸ್ ಮತ್ತು ಜೆಡಿಎಸ್ ಶಾಸಕರ ಒಂದು ಗುಂಪು ಸ್ಪೀಕರ್ ಕಚೇರಿಗೆ ಹೋಗಿ ರಾಜೀನಾಮೆ ಪತ್ರಗಳನ್ನು ಕೊಟ್ಟಿತು. ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಆಗ ಕಚೇರಿಯಲ್ಲಿರಲಿಲ್ಲ. ಗುಂಪು ಅಲ್ಲಿಂದ ಮುಂಬೈಗೆ ಹಾರಿ ಹೋಟೆಲ್ ಸೇರಿತು. ವಿಶ್ವನಾಥ್ ಆ ಗುಂಪಿನಲ್ಲಿದ್ದರು. ಕೆಲವು ಪತ್ರಗಳು ನಿಗದಿತ ನಮೂನೆಯಲ್ಲಿಲ್ಲ ಎಂದು ಸ್ಪೀಕರ್ ಹೇಳಿದರು. ಶಾಸಕರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಜುಲೈ 11ರ ಸಂಜೆ ಆರು ಗಂಟೆಯೊಳಗೆ ಸ್ಪೀಕರ್ ಮುಂದೆ ಹಾಜರಾಗಿ ಎಂದು ಕೋರ್ಟ್ ಹೇಳಿತು. ಪೊಲೀಸ್ ಭದ್ರತೆಯಲ್ಲಿ ಬಂದು ಹೋದರು. ಜುಲೈ 17ರ ಆದೇಶ ಇಬ್ಬರಿಗೂ ಅರ್ಧರ್ಧ ಕೊಟ್ಟಿತು. ರಾಜೀನಾಮೆಯ ಬಗ್ಗೆ ಸ್ಪೀಕರ್ ತಮಗೆ ಸರಿ ಕಂಡ ಸಮಯದಲ್ಲಿ ತೀರ್ಮಾನಿಸಲಿ, ಆದರೆ ಶಾಸಕರನ್ನು ಸದನಕ್ಕೆ ಬನ್ನಿ ಎಂದು ಬಲವಂತ ಮಾಡುವಂತಿಲ್ಲ.

ಜುಲೈ 23ರಂದು ವಿಶ್ವಾಸಮತದ ಎಣಿಕೆ ನಡೆಯಿತು. ಮೈತ್ರಿ ಸರ್ಕಾರದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಪರ 99, ವಿರುದ್ಧ 105. ಹದಿನಾಲ್ಕು ತಿಂಗಳ ಸರ್ಕಾರ ಬಿತ್ತು. ಜುಲೈ 25ರಂದು ಸ್ಪೀಕರ್ ಮೂವರನ್ನು ಅನರ್ಹಗೊಳಿಸಿದರು, 28ರ ಭಾನುವಾರ ಇನ್ನೂ 14 ಮಂದಿಯನ್ನು. ಒಟ್ಟು 17. ವಿಶ್ವನಾಥ್ ಎರಡನೇ ಪಟ್ಟಿಯಲ್ಲಿದ್ದರು. ಆದೇಶದಲ್ಲಿ ಒಂದು ಕಠಿಣ ಷರತ್ತಿತ್ತು. ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ, ಅಂದರೆ 2023ರವರೆಗೆ, ಇವರು ಚುನಾವಣೆಗೆ ನಿಲ್ಲುವಂತಿಲ್ಲ. ಈ ನಡುವೆ ಜುಲೈ 26ರಂದು ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದರು. 224 ಸ್ಥಾನಗಳ ಸದನ 207ಕ್ಕೆ ಇಳಿದದ್ದರಿಂದ ಬಹುಮತಕ್ಕೆ 104 ಸಾಕಾಗಿತ್ತು; ಬಿಜೆಪಿ ಬಳಿ 105 ಇತ್ತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಶಾಸಕರೊಬ್ಬರು ರಾಜೀನಾಮೆ ಕೊಟ್ಟು ಹೋಗುವುದಕ್ಕೂ ಅನರ್ಹಗೊಂಡು ಹೋಗುವುದಕ್ಕೂ ವ್ಯತ್ಯಾಸವೇನು? ಎರಡರಲ್ಲೂ ಕುರ್ಚಿ ಖಾಲಿ, ಎರಡರಲ್ಲೂ ಉಪಚುನಾವಣೆ. 2008ರಲ್ಲಿ ಜನ 'ಆಪರೇಷನ್ ಕಮಲ' ಎಂದು ಕರೆದದ್ದು ಈ ಮೊದಲ ದಾರಿಯನ್ನು: ರಾಜೀನಾಮೆ ಕೊಡು, ಪಕ್ಷ ಬದಲಿಸು, ಅದೇ ಕ್ಷೇತ್ರದಲ್ಲಿ ಮತ್ತೆ ನಿಲ್ಲು. ಪಕ್ಷಾಂತರ ನಿಷೇಧ ಕಾನೂನು 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಹತ್ತನೇ ಷೆಡ್ಯೂಲ್ ಆಗಿ ಸಂವಿಧಾನ ಸೇರಿದಾಗ ಈ ದಾರಿ ಯಾರಿಗೂ ಹೊಳೆದಿರಲಿಲ್ಲವೇನೋ. ಆ ಷೆಡ್ಯೂಲ್ ಎರಡು ನಡತೆಗಳನ್ನು ಹಿಡಿಯುತ್ತದೆ: ತಾನಾಗಿ ಪಕ್ಷದ ಸದಸ್ಯತ್ವ ತೊರೆಯುವುದು, ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕುವುದು ಅಥವಾ ಮತಕ್ಕೆ ಬಾರದಿರುವುದು. ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟವರ ಬಗ್ಗೆ ಅದು ಏನೂ ಹೇಳುವುದಿಲ್ಲ. ಅವರಿಗಿರುವುದು 190ನೇ ವಿಧಿ. ರಾಜೀನಾಮೆ ಸ್ವಇಚ್ಛೆಯದೇ, ನೈಜವೇ ಎಂದಷ್ಟೇ ಸ್ಪೀಕರ್ ಅಲ್ಲಿ ನೋಡುತ್ತಾರೆ.

ಒಂದೇ ನಡತೆ ಎರಡೂ ವಿಧಿಗಳ ಕೆಳಗೆ ಬಂದಾಗ ಸ್ಪೀಕರ್ ಮೇಜಿನ ಮೇಲೆ ಎರಡು ಕಾಗದಗಳಿರುತ್ತವೆ, ರಾಜೀನಾಮೆ ಪತ್ರ ಒಂದು, ಅನರ್ಹತೆ ಕೋರಿ ಪಕ್ಷ ಕೊಟ್ಟ ದೂರು ಇನ್ನೊಂದು. ಯಾವುದನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆ ಎಂಬುದರ ಮೇಲೆ ಶಾಸಕರ ಮುಂದಿನ ವರ್ಷಗಳು ನಿಂತಿರುತ್ತವೆ. ಅದೇ ಸದನದಲ್ಲಿ ಚಿಂಚೋಳಿಯ ಕಾಂಗ್ರೆಸ್ ಶಾಸಕರಾಗಿದ್ದ ಉಮೇಶ್ ಜಾಧವ್ ಅವರ ಮೇಲೂ ಪಕ್ಷದ ದೂರಿತ್ತು. ಅವರ ರಾಜೀನಾಮೆಯನ್ನು 2019ರ ಏಪ್ರಿಲ್‌ನಲ್ಲಿ ಅಂಗೀಕರಿಸಲಾಯಿತು. ಅವರು ಬಿಜೆಪಿಯಿಂದ ಕಲಬುರಗಿಯಲ್ಲಿ ನಿಂತು ಮಲ್ಲಿಕಾರ್ಜುನ ಖರ್ಗೆ ಅವರನ್ನು ಸೋಲಿಸಿ ಲೋಕಸಭೆಗೆ ಹೋದರು. ವಿಶ್ವನಾಥ್ ಅವರಿಗೆ ಸಿಕ್ಕಿದ್ದು ಎರಡನೇ ಕಾಗದ.

2019ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಎನ್.ವಿ. ರಮಣ, ಸಂಜೀವ್ ಖನ್ನಾ ಮತ್ತು ಕೃಷ್ಣ ಮುರಾರಿ ಅವರ ಪೀಠ ತೀರ್ಪು ಕೊಟ್ಟಿತು. ಅನರ್ಹತೆ ಸರಿ ಎಂದಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದಕ್ಕೂ ಮೊದಲು ನಡೆದ ಪಕ್ಷಾಂತರ ಅಳಿಸಿಹೋಗುವುದಿಲ್ಲ ಎಂಬುದು ಆ ತೀರ್ಪಿನ ಬಲವಾದ ಭಾಗ. ಆದರೆ 2023ರವರೆಗೆ ಸ್ಪರ್ಧಿಸಬಾರದು ಎಂಬ ಷರತ್ತನ್ನು ಕಿತ್ತುಹಾಕಿತು. ಎಷ್ಟು ಕಾಲ ಅನರ್ಹರು ಎಂದು ನಿಗದಿ ಮಾಡುವ ಅಧಿಕಾರ ಸ್ಪೀಕರ್‌ಗೆ ಇಲ್ಲ; ಚುನಾವಣೆಗೆ ನಿಲ್ಲದಂತೆ ತಡೆಯುವ ಮಾತು ಹತ್ತನೇ ಷೆಡ್ಯೂಲ್‌ನಲ್ಲೂ ಇಲ್ಲ, ಪ್ರಜಾಪ್ರತಿನಿಧಿ ಕಾಯ್ದೆಯಲ್ಲೂ ಇಲ್ಲ. ಸ್ಪೀಕರ್‌ಗಳು ತಟಸ್ಥತೆ ಮರೆಯುತ್ತಿರುವ ಬಗ್ಗೆಯೂ ಪೀಠ ಬೇಸರ ಪಟ್ಟಿತು.

ಮರುದಿನವೇ ರೋಷನ್ ಬೇಗ್ ಒಬ್ಬರನ್ನು ಬಿಟ್ಟು ಉಳಿದ 16 ಮಂದಿ ಬಿಜೆಪಿ ಸೇರಿದರು. ಕಾನೂನಿನ ದೃಷ್ಟಿಯಲ್ಲಿ ಕಳಂಕ ಹೊತ್ತವರು ಇಪ್ಪತ್ತನಾಲ್ಕು ಗಂಟೆಯೊಳಗೆ ಆಡಳಿತ ಪಕ್ಷದ ಶಾಲು ಹೊದ್ದರು. ತೀರ್ಪಿನಲ್ಲಿ ಇದಕ್ಕೆ ತಡೆ ಇರಲಿಲ್ಲ. ಇರಬೇಕಿತ್ತೇ ಎಂದರೆ, ನ್ಯಾಯಾಲಯ ಕಾನೂನಿನಲ್ಲಿ ಇಲ್ಲದ್ದನ್ನು ಸೇರಿಸಲಾಗದು ಎಂಬುದು ನನ್ನ ಉತ್ತರ. ಕೊರತೆ ಇರುವುದು ಸಂಸತ್ತು ಬರೆದ ಪಠ್ಯದಲ್ಲಿ.

ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಿಗದಿಯಾಯಿತು. ಮಸ್ಕಿ ಮತ್ತು ರಾಜರಾಜೇಶ್ವರಿನಗರ ಬೇರೆ ವ್ಯಾಜ್ಯಗಳಿಂದಾಗಿ ಹಿಂದೆ ಉಳಿದವು. ಅನರ್ಹರಾದವರಲ್ಲಿ 13 ಮಂದಿಗೆ ಬಿಜೆಪಿ ಟಿಕೆಟ್ ಕೊಟ್ಟಿತು. ವಿಶ್ವನಾಥ್ ಹುಣಸೂರಿಗೆ ಮರಳಿದರು. ಹುಣಸೂರನ್ನು ಕೇಂದ್ರವಾಗಿಸಿ ದೇವರಾಜ ಅರಸು ಹೆಸರಿನಲ್ಲಿ ಹೊಸ ಜಿಲ್ಲೆ ಆಗಬೇಕೆಂದು ಅವರು ಎತ್ತಿದ್ದ ಬೇಡಿಕೆ ಆಗ ಮೈಸೂರು ಭಾಗದಲ್ಲಿ ದೊಡ್ಡ ಚರ್ಚೆಯಾಗಿತ್ತು. ಅರಸು ಅವರ ಊರಿನ ಜನರ ಮನ ಮುಟ್ಟುವ ಹೆಸರೇ ಅದು. ಆದರೆ ಡಿಸೆಂಬರ್ 9ರಂದು ಪೆಟ್ಟಿಗೆ ತೆರೆದಾಗ ಒಂದೂವರೆ ವರ್ಷದ ಹಿಂದೆ ತಾವೇ ಸೋಲಿಸಿದ್ದ ಮಂಜುನಾಥ್ ಎದುರು ವಿಶ್ವನಾಥ್ 39 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು.

ಹೊಸಕೋಟೆಯಲ್ಲಿ ನಾಗರಾಜ್ ಪಕ್ಷೇತರ ಅಭ್ಯರ್ಥಿ ಶರತ್ ಬಚ್ಚೇಗೌಡರಿಗೆ ಸೋತರು. ಉಳಿದ 11 ಮಂದಿ ಗೆದ್ದರು, ಬಿಜೆಪಿ 15ರಲ್ಲಿ 12 ಗಳಿಸಿ ಸರ್ಕಾರವನ್ನು ಗಟ್ಟಿ ಮಾಡಿಕೊಂಡಿತು. 2020ರ ಫೆಬ್ರವರಿ 6ರಂದು ಗೆದ್ದವರಲ್ಲಿ ಹತ್ತು ಮಂದಿ ಸಚಿವರಾದರು. ಜನ ಕೈಬಿಟ್ಟ ಇಬ್ಬರ ಮುಂದೆ, ಟಿಕೆಟ್ಟೇ ಸಿಗದ ಶಂಕರ್ ಮುಂದೆ ಉಳಿದದ್ದು ಮೇಲ್ಮನೆಯ ಬಾಗಿಲು.

ಈ ಬಾಗಿಲು ಒಂದಲ್ಲ ಎನ್ನುವುದೇ ಪ್ರಕರಣದ ತಿರುಳು. ಕರ್ನಾಟಕದ ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳು. ಶಾಸಕರು ಆರಿಸುವವು 25, ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಆರಿಸುವವು 25, ಪದವೀಧರರವು 7, ಶಿಕ್ಷಕರವು 7, ರಾಜ್ಯಪಾಲರು ನಾಮನಿರ್ದೇಶನ ಮಾಡುವವು 11. 2020ರ ಜೂನ್‌ನಲ್ಲಿ ಶಾಸಕರ ಕೋಟಾದ ಏಳು ಸ್ಥಾನಗಳು ತೆರವಾದಾಗ ಬಿಜೆಪಿಗೆ ನಾಲ್ಕು ಬಂದವು. ನಾಗರಾಜ್ ಮತ್ತು ಶಂಕರ್ ಆ ಪಟ್ಟಿಯಲ್ಲಿದ್ದರು, ವಿಶ್ವನಾಥ್ ಇರಲಿಲ್ಲ. ಏಳು ಸ್ಥಾನಕ್ಕೆ ಏಳೇ ಅಭ್ಯರ್ಥಿಗಳು; ಮತದಾನವೇ ನಡೆಯದೆ ಎಲ್ಲರೂ ಅವಿರೋಧವಾಗಿ ಆಯ್ಕೆಯಾದರು. ಒಂದು ತಿಂಗಳ ಬಳಿಕ ಜುಲೈ 22ರಂದು ರಾಜ್ಯಪಾಲರ ನಾಮನಿರ್ದೇಶನದ ಐದು ಹೆಸರುಗಳು ಹೊರಬಿದ್ದವು. ಸಾಹಿತ್ಯ ಕ್ಷೇತ್ರದ ಹೆಸರಿನಲ್ಲಿ ವಿಶ್ವನಾಥ್ ಅದರಲ್ಲಿದ್ದರು. ಅವರು ಆತ್ಮಕಥೆ ಬರೆದವರು, ಓದು ಬರಹ ಇರುವವರು, ಆ ಮಾತಿನಲ್ಲಿ ಸುಳ್ಳಿಲ್ಲ. ಆದರೂ ಸಾಹಿತಿ, ಕಲಾವಿದ, ವಿಜ್ಞಾನಿಗಳಿಗೆಂದು 171ನೇ ವಿಧಿ ಇಟ್ಟ ಜಾಗಗಳು ಸೋತ ರಾಜಕಾರಣಿಗಳ ಪುನರ್ವಸತಿಗೆ ಬಳಕೆಯಾಗುವುದು ನನಗೆ ಪ್ರತಿ ಸಲವೂ ಸಂಕಟ ತರುತ್ತದೆ, ಪಕ್ಷ ಯಾವುದೇ ಇರಲಿ.

ಒಂದು ತಿಂಗಳ ಅಂತರದ ಈ ಎರಡು ಬಾಗಿಲುಗಳು ಎಷ್ಟು ಬೇರೆ ಎಂಬುದು ನವೆಂಬರ್ ಹೊತ್ತಿಗೆ ಗೊತ್ತಾಯಿತು. ನಾಗರಾಜ್, ಶಂಕರ್, ವಿಶ್ವನಾಥ್ ಮೂವರನ್ನೂ ಸಚಿವರನ್ನಾಗಿ ಮಾಡಬಾರದೆಂದು ವಕೀಲರೊಬ್ಬರು ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ವಾದ ನಿಂತದ್ದು 164ನೇ ವಿಧಿಯ 1ಬಿ ಉಪವಿಧಿಯ ಮೇಲೆ. 2003ರ 91ನೇ ತಿದ್ದುಪಡಿಯಲ್ಲಿ ಬಂದದ್ದು ಅದು. ಮೂರನೇ ಒಂದು ಭಾಗ ಶಾಸಕರು ಒಡೆದುಹೋದರೆ ಅನರ್ಹತೆ ಇಲ್ಲ ಎಂಬ ಹಳೆಯ ವಿನಾಯಿತಿ ತೆಗೆದುಹಾಕಿದ್ದು, ಸಂಪುಟದ ಗಾತ್ರವನ್ನು ಸದನದ ಶೇ 15ಕ್ಕೆ ಕಟ್ಟಿಹಾಕಿದ್ದು ಅದೇ ತಿದ್ದುಪಡಿ. ಪಕ್ಷಾಂತರಕ್ಕೆ ಮಂತ್ರಿಗಿರಿಯೇ ಆಮಿಷ ಎಂದು ಅರಿತವರು ಬರೆದ ಉಪವಿಧಿ ಅದು. ಪಕ್ಷಾಂತರದಿಂದ ಅನರ್ಹಗೊಂಡವರು ತಮ್ಮ ಸದಸ್ಯತ್ವದ ಮೂಲ ಅವಧಿ ಮುಗಿಯುವವರೆಗೆ, ಅಥವಾ ಅದಕ್ಕೂ ಮೊದಲು ವಿಧಾನಮಂಡಲದ ಯಾವುದಾದರೂ ಸದನಕ್ಕೆ ಚುನಾವಣೆಯಲ್ಲಿ ಸ್ಪರ್ಧಿಸಿ ಚುನಾಯಿತರೆಂದು ಘೋಷಣೆಯಾಗುವವರೆಗೆ ಮಂತ್ರಿಯಾಗುವಂತಿಲ್ಲ. 361ಬಿ ವಿಧಿ ಇದೇ ನಿರ್ಬಂಧವನ್ನು ನಿಗಮ, ಮಂಡಳಿಯಂಥ ಸಂಬಳದ ರಾಜಕೀಯ ಹುದ್ದೆಗಳಿಗೂ ಹಾಕುತ್ತದೆ.

ನವೆಂಬರ್ 30ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ನೇತೃತ್ವದ ವಿಭಾಗೀಯ ಪೀಠ ಮಧ್ಯಂತರ ಆದೇಶ ಕೊಟ್ಟಿತು. ನಾಗರಾಜ್ ಮತ್ತು ಶಂಕರ್ ಪರಿಷತ್ತಿಗೆ ಚುನಾಯಿತರಾದವರು, ಮೇಲ್ನೋಟಕ್ಕೆ ಅವರ ನಿರ್ಬಂಧ ಕಳಚಿದೆ. ವಿಶ್ವನಾಥ್ ನಾಮನಿರ್ದೇಶನಗೊಂಡವರು, ಅವರಿಗೆ ನಿರ್ಬಂಧ ಇನ್ನೂ ಇದೆ. ಸಂಪುಟಕ್ಕೆ ಹೆಸರು ಶಿಫಾರಸು ಮಾಡುವಾಗ ಮುಖ್ಯಮಂತ್ರಿ ಇದನ್ನು ಗಮನಕ್ಕೆ ತೆಗೆದುಕೊಳ್ಳಬೇಕು. ಯೋಗೇಶ್ವರ್ ಅನರ್ಹಗೊಂಡವರೇ ಅಲ್ಲವಾದ್ದರಿಂದ ನಾಮನಿರ್ದೇಶನ ಅವರಿಗೆ ಅಡ್ಡ ಬರಲಿಲ್ಲ. ವಿಶ್ವನಾಥ್ ಸುಪ್ರೀಂ ಕೋರ್ಟಿಗೆ ಹೋದರು. ಪ್ರಮಾಣವಚನ ಮುಗಿದ ಎರಡು ವಾರಕ್ಕೆ, 2021ರ ಜನವರಿ 28ರಂದು ಅಲ್ಲೂ ಅರ್ಜಿ ವಜಾ ಆಯಿತು.

ಹೈಕೋರ್ಟ್ ಓದಿದ ರೀತಿ ಸರಿ ಎಂದೇ ನಾನು ನಂಬಿದ್ದೇನೆ. ಚುನಾಯಿತ ಎಂಬ ಪದಕ್ಕೆ ನಾಮನಿರ್ದೇಶಿತ ಎಂಬ ಅರ್ಥ ಕೊಡಲು ಬರುವುದಿಲ್ಲ. ನನ್ನನ್ನು ಕಾಡುವುದು ಆ ಉಪವಿಧಿಯ ಹಿಂದಿನ ತರ್ಕ. ಪಕ್ಷಾಂತರ ಮಾಡಿದವರನ್ನು ಮತದಾರರೇ ಮತ್ತೆ ಆರಿಸಿದರೆ ಅಲ್ಲಿಗೆ ಜನರ ಕ್ಷಮೆ ಸಿಕ್ಕಿದಂತೆ. ಆಮೇಲೆ ಕಾನೂನು ಅಡ್ಡ ನಿಲ್ಲಬೇಕಿಲ್ಲ. ಒಪ್ಪಬಹುದಾದ ತರ್ಕ. ಗೋಕಾಕದಲ್ಲೋ ಯಶವಂತಪುರದಲ್ಲೋ ಗೆದ್ದವರ ವಿಷಯದಲ್ಲಿ ಅದು ಹೊಂದುತ್ತದೆ, ನಮಗೆ ಇಷ್ಟವಾಗಲಿ ಬಿಡಲಿ. ಆದರೆ ಹೊಸಕೋಟೆಯ ಮತದಾರರು ನಾಗರಾಜ್ ಅವರನ್ನು ಕ್ಷಮಿಸಿರಲಿಲ್ಲ, ಸೋಲಿಸಿದ್ದರು. ರಾಣೆಬೆನ್ನೂರಿನ ಮತದಾರರನ್ನು ಶಂಕರ್ ವಿಷಯದಲ್ಲಿ ಯಾರೂ ಕೇಳಲೇ ಇಲ್ಲ. ಅವರನ್ನು 'ಚುನಾಯಿತ'ರನ್ನಾಗಿ ಮಾಡಿದ್ದು ಆಡಳಿತ ಪಕ್ಷದ ಶಾಸಕರ ಸಂಖ್ಯಾಬಲ. ಅದೂ ಒಂದು ಮತವೂ ಬೀಳದೆ. ಯಾರ ಅನುಕೂಲಕ್ಕೆ ಪಕ್ಷಾಂತರ ನಡೆಯಿತೋ ಅವರೇ ಕೊಟ್ಟ ಕ್ಷಮೆಯನ್ನು ಜನರ ಕ್ಷಮೆ ಎಂದು ಕಾನೂನು ಎಣಿಸಿತು.

ಹಾಗೆ ನೋಡಿದರೆ ವಿಶ್ವನಾಥ್ ಅವರಿಗೆ ಅನ್ಯಾಯವಾಯಿತೇ? ಆಗಲಿಲ್ಲ. ಅವರಿಗೆ ಆದದ್ದೇ ಕಾನೂನಿನ ಉದ್ದೇಶ. ಉಳಿದ ಇಬ್ಬರಿಗೆ ಸಿಕ್ಕ ರಿಯಾಯಿತಿ ತಪ್ಪು. 17 ಮಂದಿಯಲ್ಲಿ ಈ ನಿರ್ಬಂಧ ನಿಜವಾಗಿ ಕಟ್ಟಿಹಾಕಿದ್ದು ಪಕ್ಷ ಯಾರಿಗೆ ಶಾಸಕರ ಕೋಟಾದ ಸೀಟು ಕೊಡಲಿಲ್ಲವೋ ಅವರನ್ನು ಎಂಬುದು ನೋಯಿಸುವ ಸಂಗತಿ. ಶಿಕ್ಷೆ ಯಾರಿಗೆ ಎಂಬುದನ್ನು ಕೊನೆಗೆ ನಿರ್ಧರಿಸಿದ್ದು ಸ್ಪೀಕರೂ ಅಲ್ಲ, ಕೋರ್ಟೂ ಅಲ್ಲ, 2020ರ ಜೂನ್‌ನಲ್ಲಿ ಅಭ್ಯರ್ಥಿಗಳ ಪಟ್ಟಿ ಅಂತಿಮಗೊಳಿಸಿದ ಪಕ್ಷ.

ತಿದ್ದುವುದು ಕಷ್ಟವಲ್ಲ. 164ರ ಉಪವಿಧಿಯಲ್ಲಿ 'ಚುನಾಯಿತ' ಎಂಬಲ್ಲಿ 'ಮತದಾರರಿಂದ ನೇರವಾಗಿ ಚುನಾಯಿತ' ಎಂದು ಬರೆದರೆ ಶಾಸಕರ ಕೋಟಾದ ಕಳ್ಳದಾರಿ ಮುಚ್ಚುತ್ತದೆ. ಅನರ್ಹತೆಯ ದೂರು ಬಾಕಿ ಇರುವಾಗ ರಾಜೀನಾಮೆ ಅಂಗೀಕರಿಸಿದರೂ ಆ ದೂರು ಇತ್ಯರ್ಥವಾಗಲೇಬೇಕು ಎಂದು ಬರೆದರೆ ಸ್ಪೀಕರ್ ಮೇಜಿನ ಮೇಲಿನ ಎರಡು ಕಾಗದಗಳ ಆಟ ನಿಲ್ಲುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನರ್ಹಗೊಂಡವರು ಅದೇ ಸದನದ ಉಳಿದ ಅವಧಿಗೆ ಸ್ಪರ್ಧಿಸಬಾರದು ಎನ್ನುವವರೂ ಇದ್ದಾರೆ. ರಮೇಶ್ ಕುಮಾರ್ ಆದೇಶದ ಆಶಯ ಅದೇ ಆಗಿತ್ತು. ಅದಕ್ಕೆ ನಾನು ಹಿಂಜರಿಯುತ್ತೇನೆ. ಸ್ಪೀಕರ್ ಸ್ಥಾನ ಒಂದು ಪಕ್ಷದ ಕೈಯಲ್ಲಿರುವಷ್ಟು ಕಾಲ ಅಂಥ ಆಯುಧ ಭಿನ್ನಮತವನ್ನೂ ಕೊಲ್ಲಬಲ್ಲದು. 2010ರ ಅಕ್ಟೋಬರ್‌ನಲ್ಲಿ ಸ್ಪೀಕರ್ ಕೆ.ಜಿ. ಬೋಪಯ್ಯ ಬಿಜೆಪಿಯ 11 ಮತ್ತು ಪಕ್ಷೇತರ 5 ಶಾಸಕರನ್ನು ವಿಶ್ವಾಸಮತಕ್ಕೆ ಮುನ್ನ ಅನರ್ಹಗೊಳಿಸಿದ್ದನ್ನು ಮರುವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಬೇಕಾಗಿ ಬಂದದ್ದನ್ನು ಮರೆಯಲಾಗದು.

ಅಲ್ಲಿಯವರೆಗೆ ನಂಬಬಹುದಾದದ್ದು ಹುಣಸೂರು, ಹೊಸಕೋಟೆಯಂಥ ಕ್ಷೇತ್ರಗಳನ್ನು. ಹಿಂದೆ ಉಳಿದಿದ್ದ ಮಸ್ಕಿಯ ಸರದಿ 2021ರ ಏಪ್ರಿಲ್‌ನಲ್ಲಿ ಬಂತು. ಅನರ್ಹಗೊಂಡು ಬಿಜೆಪಿಯಿಂದ ನಿಂತಿದ್ದ ಪ್ರತಾಪಗೌಡ ಪಾಟೀಲ್ ಅವರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು 2018ರಲ್ಲಿ ಅವರಿಗೇ ಸೋತಿದ್ದ ಅಂದಿನ ಬಿಜೆಪಿ ಅಭ್ಯರ್ಥಿ ಬಸನಗೌಡ ತುರ್ವಿಹಾಳ ಅವರನ್ನು. ಇಬ್ಬರ ಚಿಹ್ನೆಗಳೂ ಅದಲು ಬದಲಾಗಿದ್ದವು. ಮಸ್ಕಿಯ ಜನ ಬಸನಗೌಡರನ್ನು ಗೆಲ್ಲಿಸಿದರು.